ಪತ್ತೇದಾರಿ ನಾಟಕದಲ್ಲಿ ಸುಳಿವನ್ನು ಎಲ್ಲಿಡಬೇಕು?

ಹಾಸನದ ಹಾಸನಾಂಬ ಕಲಾಕ್ಷೇತ್ರದಲ್ಲಿ ಮೊದಲ ಸಲ ಪತ್ತೇದಾರಿ ನಾಟಕ ಮಾಡಿಸುತ್ತಿದ್ದೀರಿ, ಕೊಲೆಗಾರ ಯಾರೆಂದು ಮಧ್ಯಂತರಕ್ಕೇ ಜನಕ್ಕೆ ಗೊತ್ತಾಗಿಬಿಟ್ಟರೆ ಏನು ಗತಿ ಅಂತ ಕೇಳಿದ್ದೀರಿ. ನಾನು ಚಿಕ್ಕಮಗಳೂರಿನವನು, ಹವ್ಯಾಸಿ ತಂಡಕ್ಕೆ ಅಂಥದ್ದೊಂದು ನಾಟಕ ನಿರ್ದೇಶಿಸಿದ್ದೇನೆ. ಗುಟ್ಟು ಬಯಲಾಗುವುದಕ್ಕಿಂತ ನನಗೆ ಹೆಚ್ಚು ಭಯವಾಗಿದ್ದು, ಕೊನೆಯಲ್ಲಿ ಜನ ‘ಇದನ್ನು ನಮಗೆ ತೋರಿಸಲೇ ಇಲ್ಲವಲ್ಲ’ ಅಂದುಕೊಂಡು ಎದ್ದು ಹೋಗುತ್ತಾರೇನೋ ಅಂತ.

ನಮ್ಮದು ತಂಡದವರೇ ಬರೆದ ಕಥೆ. ಕಾಫಿ ತೋಟದ ಬಂಗಲೆ, ಆಷಾಢದ ಮಳೆ, ಮರ ಬಿದ್ದು ರಸ್ತೆ ಬಂದ್, ಒಳಗೆ ಎಂಟು ಜನ. ಸಾಹುಕಾರರ ಕೊಲೆಯಾದಾಗ ತಾನು ಹೊರಗೆ ಕಾಲಿಟ್ಟೇ ಇರಲಿಲ್ಲ ಅನ್ನುತ್ತಾನೆ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ. ಆದರೆ ಅವನ ಕಂಬಳಿ ಒದ್ದೆ. ಇಡೀ ನಾಟಕ ನಿಂತಿದ್ದು ಆ ಕಂಬಳಿಯ ಮೇಲೆ. ಕಿರುಚಾಟ ಕೇಳಿ ಎಲ್ಲರೂ ಒಮ್ಮೆಗೇ ಹಾಲಿಗೆ ನುಗ್ಗುವಾಗ ಅವನು ಅದನ್ನು ಎಡಗಡೆಯ ಗೂಟಕ್ಕೆ ಹಾಕುತ್ತಿದ್ದ. ಅದೇ ಕ್ಷಣ ಬಲಗಡೆ ಅಡುಗೆಯವಳ ಕೈಯಿಂದ ಕಾಫಿ ಲೋಟಗಳ ತಟ್ಟೆ ಬೀಳುವಂತೆ ಮಾಡಿದ್ದೆ. ತಾಲೀಮಿಗೆ ಕರೆದ ಅಕ್ಕಪಕ್ಕದ ಮನೆಯವರ ಕಣ್ಣೆಲ್ಲ ಲೋಟದ ಕಡೆಗೇ ಹೋಯಿತು. ಕೊನೆಗೆ ಒಬ್ಬ ಅಕ್ಕ, ‘ಆ ಕಂಬಳಿ ಯಾವಾಗ ಬಂತಪ್ಪ?’ ಅಂದರು. ಅವರು ಕೇಳಿದ್ದು ನ್ಯಾಯವಾಗಿತ್ತು.

ಲೋಟ ಬೀಳುವುದನ್ನು ತೆಗೆಯಲಿಲ್ಲ. ಐದು ನಿಮಿಷದ ನಂತರ ಕೆಲಸದ ಹುಡುಗಿ ನೆಲ ಒರೆಸಲು ಬರುವಂತೆ ಮಾಡಿದೆ. ಅವಳು ಗೂಟದ ಕೆಳಗೆ ಕೂತು, ‘ಒರೆಸಿದಷ್ಟೂ ನೀರು, ಈ ಮನೇಲಿ ನನ್ನ ಸೊಂಟ ಬಿದ್ದುಹೋಯ್ತು’ ಅಂತ ಗೊಣಗುತ್ತಾಳೆ. ಆ ಮಾತು ಎಲ್ಲರ ಕಿವಿಗೂ ಬಿತ್ತು, ಎಲ್ಲರೂ ಅದನ್ನು ಗೊಣಗಾಟ ಅಂದುಕೊಂಡರು. ಸುಳಿವಿಗೆ ರಂಗದ ಮೇಲೆ ಬೇರೊಂದು ಕಾರಣ ಕೊಡಿ, ಆಮೇಲೆ ಧೈರ್ಯವಾಗಿ ಬೆಳಕಿನಲ್ಲೇ ಇಡಿ.

ಕೊಲೆಗಾರನ ಪಾತ್ರಧಾರಿಗೆ ‘ಅಮಾಯಕನಂತೆ ಕಾಣು’ ಅಂತ ಹೇಳಬೇಡಿ. ಹಾಗೆ ಹೇಳಿದ ಕೂಡಲೇ ಓರೆನೋಟ ಶುರುವಾಗುತ್ತದೆ. ನಮ್ಮ ರೈಟರ್‌ಗೆ ನಾನು ಕೊಟ್ಟ ಕೆಲಸ ಒಂದೇ: ರಸ್ತೆ ಯಾವಾಗ ತೆರೆಯುತ್ತದೆ ಅಂತ ಕಾತರದಿಂದ ವಿಚಾರಿಸುತ್ತಿರುವುದು. ಜನ ಅದನ್ನು ಮನೆಮಂದಿಯ ಚಿಂತೆ ಅಂದುಕೊಂಡರು. ಅವನು ಓಡಿಹೋಗಲು ಕಾಯುತ್ತಿದ್ದ ಅಂತ ಆಮೇಲೆ ಅರ್ಥವಾಯಿತು. ಉಳಿದ ಏಳು ಜನಕ್ಕೂ ಒಂದೊಂದು ಸಣ್ಣ ಗುಟ್ಟು ಕೊಡಿ: ಸಾಲ, ಕಳ್ಳತನ, ಬಚ್ಚಿಟ್ಟ ಪತ್ರ, ಏನಾದರೂ ಸರಿ. ಎಲ್ಲರ ಮುಖದಲ್ಲೂ ಭಯ ಇರಬೇಕು.

ಪರಿಕರಗಳಿಗೆ ಅಂತಲೇ ಒಬ್ಬರನ್ನು ನೇಮಿಸಿ, ಅವರಿಗೆ ಬೇರೆ ಪಾತ್ರ ಬೇಡ. ಆಗಾಥಾ ಕ್ರಿಸ್ಟಿಯ ‘ಆ್ಯಂಡ್ ದೆನ್ ದೇರ್ ವರ್ ನನ್’ ನಾಟಕದಲ್ಲಿ ಹತ್ತು ಗೊಂಬೆಗಳು ಒಂದೊಂದಾಗಿ ಮಾಯವಾಗುತ್ತವೆ. ಒಂದು ಗೊಂಬೆ ತಪ್ಪಿದರೂ ಲೆಕ್ಕ ಕೆಟ್ಟಿತು. ಅಂದಹಾಗೆ, ಆಕೆಯ ನಾಟಕವನ್ನೇ ಅನುವಾದಿಸಿ ಆಡುವುದಾದರೆ ತಾಲೀಮಿಗೆ ಮೊದಲೇ ಹಕ್ಕುದಾರರ ಅನುಮತಿ ಕೇಳಿ. ಆಕೆ ತೀರಿಕೊಂಡಿದ್ದು 1976ರಲ್ಲಿ, ನಮ್ಮ ದೇಶದಲ್ಲಿ ಕೃತಿಸ್ವಾಮ್ಯ ಲೇಖಕರ ನಂತರ 60 ವರ್ಷ ಇರುತ್ತದೆ.

ಬೆಳಕಿನ ವಿಷಯ ನಮಗೆ ಕಷ್ಟಪಟ್ಟು ತಿಳಿದದ್ದು. ಮೊದಲ ಪ್ರದರ್ಶನದಲ್ಲಿ ಕೊಲೆಗೆ ಮುಂಚಿನ ಕತ್ತಲೆ ಕವಿದ ತಕ್ಷಣ, ನಿಜವಾಗಿಯೇ ಕರೆಂಟ್ ಹೋಯಿತು ಅಂದುಕೊಂಡು ಜನ ಮೊಬೈಲ್ ಟಾರ್ಚ್ ಹಾಕಿಬಿಟ್ಟರು. ಮಳೆಗಾಲದ ಮಲೆನಾಡು, ಅವರ ತಪ್ಪಲ್ಲ. ಎರಡನೇ ದಿನ ಮೊದಲು ಗುಡುಗು ಕೇಳಿಸಿ, ದೀಪ ಎರಡು ಸಲ ಮಿಣುಕುವಂತೆ ಮಾಡಿ, ಅಡುಗೆಯವಳ ಬಾಯಲ್ಲಿ ‘ಚಿಮಣಿ ಎಲ್ಲಿಟ್ಟೆ?’ ಅನ್ನಿಸಿದೆವು. ಒಂದು ಟಾರ್ಚೂ ಹೊತ್ತಲಿಲ್ಲ.

ಕೊನೆಯ ದೃಶ್ಯದಲ್ಲಿ ಎಲ್ಲರನ್ನೂ ಸಾಲಾಗಿ ಕೂರಿಸಿ ಇನ್‌ಸ್ಪೆಕ್ಟರ್ ಕೈಲಿ ಭಾಷಣ ಮಾಡಿಸಬೇಡಿ. ನಮ್ಮ ಇನ್‌ಸ್ಪೆಕ್ಟರ್ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಗೂಟದಿಂದ ಕಂಬಳಿ ತೆಗೆದು ಹಿಂಡುತ್ತಿದ್ದರು. ನೀರು ಹಲಗೆಯ ಮೇಲೆ ಬೀಳುವ ಸದ್ದು ಹಿಂದಿನ ಸಾಲಿಗೂ ಕೇಳುತ್ತಿತ್ತು.

ಪ್ರದರ್ಶನಕ್ಕೆ ಒಂದು ವಾರ ಮುಂಚೆ, ಕಥೆ ಗೊತ್ತಿಲ್ಲದ ಹತ್ತು ಜನರನ್ನು ಕೂರಿಸಿ ಆಡಿ ತೋರಿಸಿ. ಮಧ್ಯಂತರದಲ್ಲಿ ಚೀಟಿ ಕೊಟ್ಟು ಯಾರ ಮೇಲೆ ಅನುಮಾನ ಅಂತ ಬರೆಸಿ. ಹತ್ತೂ ಚೀಟಿಯಲ್ಲಿ ಕೊಲೆಗಾರನ ಹೆಸರಿದ್ದರೆ ಸುಳಿವು ಜಾಸ್ತಿಯಾಗಿದೆ, ಒಂದರಲ್ಲೂ ಇಲ್ಲದಿದ್ದರೆ ಸಾಲದಾಗಿದೆ. ಒಬ್ಬಿಬ್ಬರು ಸರಿಯಾಗಿ ಬರೆದಿದ್ದರೆ ಪರದೆ ಎತ್ತಿ.