ನೋಟು, ಆಧಾರ, ಭೋಗ್ಯ: ಓದುಗರು ಕೇಳಿದ್ದಾರೆ

ಪ್ರಶ್ನೆ: ಟೆಕ್ಸಾಸ್‌ನಲ್ಲಿರುವ ಮಗಳು ಅಲ್ಲಿ ‘ಮಾರ್ಟ್‌ಗೇಜ್ ನೋಟ್’ ಕೊಂಡರೆ ತಿಂಗಳು ತಿಂಗಳು ಕಂತು ಬರುತ್ತೆ ಅಂತಾಳೆ. ಏನಿದು? ಇಲ್ಲಿಂದಲೇ ನಾನು ಕೊಳ್ಳಬಹುದಾ?
— ಎಂ.ಸಿ.ಸಿ. ‘ಬಿ’ ಬ್ಲಾಕ್, ದಾವಣಗೆರೆ

ಅಮೆರಿಕದಲ್ಲಿ ಮನೆ ಸಾಲಕ್ಕೆ ಎರಡು ಕಾಗದ. ‘ಇಷ್ಟು ಪಡೆದಿದ್ದೇನೆ, ಹೀಗೆ ತೀರಿಸುತ್ತೇನೆ’ ಎಂದು ಸಾಲಗಾರ ಬರೆದುಕೊಡುವುದು ನೋಟು; ನಮ್ಮ ಪ್ರೋನೋಟಿನ ಅಣ್ಣ ಅನ್ನಿ. ತೀರಿಸದಿದ್ದರೆ ಮನೆ ಹರಾಜಾಗುತ್ತದೆ ಎನ್ನುವ ಕಾಗದ ಮಾರ್ಟ್‌ಗೇಜ್; ಟೆಕ್ಸಾಸ್‌ನಲ್ಲಿ ಅದಕ್ಕೆ ‘ಡೀಡ್ ಆಫ್ ಟ್ರಸ್ಟ್’ ಎನ್ನುತ್ತಾರೆ. ನೋಟನ್ನು ಮಾರಬಹುದು, ಕೊಳ್ಳಬಹುದು. ಕೊಂಡವರು ಮನೆಗೆ ಮಾಲೀಕರಾಗುವುದಿಲ್ಲ, ಸಾಲ ಕೊಟ್ಟವರ ಜಾಗದಲ್ಲಿ ಕೂರುತ್ತಾರೆ, ಅಷ್ಟೇ.

ಲಾಭ ಇರುವುದು ರಿಯಾಯಿತಿಯಲ್ಲಿ. ಶೇ 7ರ ಬಡ್ಡಿಯ ಸಾಲದಲ್ಲಿ 50,000 ಡಾಲರ್ ಬಾಕಿ, 120 ಕಂತು ಉಳಿದಿವೆ ಎಂದಿಟ್ಟುಕೊಳ್ಳಿ. ತಿಂಗಳ ಕಂತು 580 ಡಾಲರ್ 54 ಸೆಂಟ್. ಆ ನೋಟನ್ನು 43,930 ಡಾಲರ್‌ಗೆ ಕೊಂಡರೆ ನಿಮ್ಮ ಗಳಿಕೆ ವರ್ಷಕ್ಕೆ ಶೇ 10 ಆಗುತ್ತದೆ. 120 ಕಂತೂ ಬಂದರೆ ಮಾತ್ರ! ಹಾಗಾಗಿ ಮಗಳು ಬಡ್ಡಿ ಕೇಳುವ ಮೊದಲು ಹಿಂದಿನ 24 ತಿಂಗಳ ಕಂತಿನ ಲೆಕ್ಕ ಕೇಳಲಿ. ಮೂಲ ನೋಟು ಕೈಗೆ ಸಿಗುತ್ತದೆಯೇ, ಅದು ಕೈ ಬದಲಾದಾಗೆಲ್ಲ ಹಿಂಬರಹ (ಯಾರಿಗೆ ಕೊಟ್ಟೆ ಎಂದು ಬರೆದ ಸಹಿ) ಆಗಿದೆಯೇ, ಪ್ರತಿ ವರ್ಗಾವಣೆಯೂ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕಚೇರಿಯಲ್ಲಿ ದಾಖಲಾಗಿದೆಯೇ ಎಂದು ನೋಡಲಿ. ನಡುವಿನ ಒಂದು ಕೊಂಡಿ ತಪ್ಪಿದ್ದರೂ ಹರಾಜಿನ ಹೊತ್ತಿಗೆ ತಕರಾರು ಏಳುತ್ತದೆ. ಮನೆ ತೆರಿಗೆ ಬಾಕಿ ಇದ್ದರೆ ಅದಕ್ಕೇ ಮೊದಲ ಹಕ್ಕು, ಸಾಲದ ಸರದಿ ಆಮೇಲೆ. ಎರಡನೇ ಸಾಲದ ನೋಟು ಅಗ್ಗಕ್ಕೆ ಸಿಗುವುದೂ ಇದೇ ಕಾರಣಕ್ಕೆ: ಮೊದಲ ಸಾಲದವರು ಹರಾಜು ಹಾಕಿ ದುಡ್ಡು ಮಿಗದಿದ್ದರೆ ಎರಡನೆಯವರಿಗೆ ಮನೆಯ ಮೇಲೆ ಏನೂ ಉಳಿಯುವುದಿಲ್ಲ. ಟೆಕ್ಸಾಸ್‌ನಲ್ಲಿ ಸಾಮಾನ್ಯವಾಗಿ ಕೋರ್ಟಿಗೆ ಹೋಗದೆಯೇ ತಿಂಗಳ ಮೊದಲ ಮಂಗಳವಾರ ಹರಾಜು ನಡೆಯುತ್ತದೆ. ನ್ಯೂಯಾರ್ಕ್, ಫ್ಲೋರಿಡಾಗಳಲ್ಲಿ ಕೋರ್ಟೇ ದಾರಿ, ವರ್ಷಗಟ್ಟಲೆ ಕಾಯಬೇಕಾಗಬಹುದು. ಕಂತು ವಸೂಲಿಯನ್ನು ಪರವಾನಗಿ ಇರುವ ‘ಲೋನ್ ಸರ್ವಿಸರ್’ ಕೈಗೆ ಕೊಡುವುದು ಲೇಸು.

ಇನ್ನು ನಿಮ್ಮ ವಿಷಯ. ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಲು ರಿಸರ್ವ್ ಬ್ಯಾಂಕ್ ಬಿಡುತ್ತದೆ, ನಿಜ. ಆದರೆ ಷೇರುಪೇಟೆಯಲ್ಲಿ ಲಿಸ್ಟ್ ಆಗದ ಸಾಲಪತ್ರಗಳನ್ನು 2022ರ ಸಾಗರೋತ್ತರ ಹೂಡಿಕೆ ನಿಯಮಗಳು ಪೋರ್ಟ್‌ಫೋಲಿಯೋ ಹೂಡಿಕೆಯಿಂದ (ಹೊರದೇಶದ ಷೇರು, ಸಾಲಪತ್ರಗಳಲ್ಲಿ ಹಣ ಹಾಕುವುದು) ಹೊರಗಿಟ್ಟಿವೆ. ನಿಮ್ಮ ಹೆಸರಲ್ಲಿ ಬೇಡ. ಮಗಳಿಗೆ ಉಡುಗೊರೆಯಾಗಿ ಕಳಿಸಬಹುದು. ಆಗ ಹಣವೂ ಅವಳದು, ನೋಟೂ ಅವಳದು.

ಪ್ರಶ್ನೆ: ನಮ್ಮ ಬ್ಯಾಂಕುಗಳ ಕೆಟ್ಟ ಸಾಲವನ್ನು ಹಾಗೆ ಕೊಳ್ಳಬಹುದಾ?
— ಹರಿಹರ

ಆಗದು. ರಿಸರ್ವ್ ಬ್ಯಾಂಕ್ ನಿರ್ದೇಶನದಂತೆ ಸಾಲ ಕೊಳ್ಳುವವರು ಬ್ಯಾಂಕು, ಹಣಕಾಸು ಕಂಪನಿ, ಆಸ್ತಿ ಪುನರ್ರಚನಾ ಕಂಪನಿ (ಕೆಟ್ಟ ಸಾಲ ಕೊಂಡು ವಸೂಲಿ ಮಾಡುವಂಥದ್ದು) ಇಂಥ ಸಂಸ್ಥೆಗಳೇ ಆಗಿರಬೇಕು. ನಿಮಗೆ ಸಿಗುವುದು ಬ್ಯಾಂಕ್ ಹರಾಜಿನ ಮನೆ, ಸೈಟು. ಗೆದ್ದರೆ ಠೇವಣಿಯೂ ಸೇರಿ ಶೇ 25 ಅಂದೇ, ತಪ್ಪಿದರೆ ಮರು ಕೆಲಸದ ದಿನ ಕಟ್ಟಬೇಕು. ಉಳಿದದ್ದು ಮಾರಾಟ ಖಾತ್ರಿಯಾದ 15 ದಿನದೊಳಗೆ. ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲು. ಒಳಗೆ ಬಾಡಿಗೆದಾರರು ಕೂತಿದ್ದಾರೋ ಇಲ್ಲವೋ ಎಂದು ಹರಾಜಿಗೆ ಮೊದಲು ನೀವೇ ಹೋಗಿ ನೋಡಿಕೊಳ್ಳಬೇಕು.

ಪ್ರಶ್ನೆ: ಅಡಿಕೆ ಮಾರಿದ 6 ಲಕ್ಷ ಕೈಯಲ್ಲಿದೆ. ಚಿತ್ರದುರ್ಗದಲ್ಲಿ ಮನೆ ಇರುವ ಪರಿಚಯಸ್ಥರು ಅದನ್ನು ಆಧಾರ ಮಾಡಿ ಸಾಲ ಕೇಳಿದ್ದಾರೆ. 100 ರೂಪಾಯಿ ಛಾಪಾ ಕಾಗದದಲ್ಲಿ ಬರೆಸಿ, ಮನೆಪತ್ರ ಇಟ್ಟುಕೊಂಡರೆ ಸಾಕಲ್ಲವೇ?
— ಹೊಳಲ್ಕೆರೆ

ಸಾಲದು. ಬರೆಸಿದ ಆಧಾರಪತ್ರ (ಅಡಮಾನ ಪತ್ರ) ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗದಿದ್ದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಮನೆಯ ಮೇಲೆ ನಿಮಗೆ ಹಕ್ಕೇ ಹುಟ್ಟುವುದಿಲ್ಲ. ಆ ಕಾಗದ ಬರೀ ಕೈಸಾಲಕ್ಕೆ ಪುರಾವೆ. ಪತ್ರ ಠೇವಣಿ ಇಟ್ಟು ಮಾಡುವ ಅಡಮಾನವೂ ಉಂಟು, ಆದರೆ ಪತ್ರ ಕೈಬದಲಾಗುವ ಊರು ಸರ್ಕಾರ ಅಧಿಸೂಚಿಸಿದ್ದಾಗಿರಬೇಕು. ಮೊದಲ ಸಲ ಕೊಡುವವರಿಗೆ ನೋಂದಾಯಿತ, ಸ್ವಾಧೀನ ರಹಿತ (ಮನೆ ಸಾಲಗಾರನ ವಶದಲ್ಲೇ ಉಳಿಯುವ) ಆಧಾರಪತ್ರವೇ ಸರಿ. ಸ್ವಾಧೀನ ಸಹಿತ ಮಾಡಿದರೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ.

ಹಣ ಕೊಡುವ ಮೊದಲು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 30 ವರ್ಷದ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ. ವ್ಯವಹಾರಗಳಿದ್ದರೆ ನಮೂನೆ 15 ಬರುತ್ತದೆ, ಏನೂ ಇಲ್ಲದಿದ್ದರೆ ನಮೂನೆ 16. ಮನೆ ನಂಬರನ್ನಷ್ಟೇ ನೋಡಬೇಡಿ, ಚೆಕ್ಕುಬಂದಿಯನ್ನು (ನಾಲ್ಕು ದಿಕ್ಕಿನ ಗಡಿ ವಿವರ) ಮೂಲಪತ್ರದ ಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿ. ಖಾತೆ ವಿಭಾಗವಾದಾಗ ನಂಬರ್ ಬದಲಾಗಿ ಹಳೆ ಸಾಲ ಹಳೆ ನಂಬರಿನಲ್ಲೇ ಉಳಿದುಬಿಟ್ಟಿರಬಹುದು. ಬ್ಯಾಂಕಿಗೆ ಪತ್ರ ಒತ್ತೆ ಇಟ್ಟದ್ದು ಇ.ಸಿ.ಯಲ್ಲಿ ಕಾಣದೇ ಇರಬಹುದು. ಅದಕ್ಕೆ ಬ್ಯಾಂಕುಗಳ ಅಡಮಾನ ದಾಖಲಾಗುವ ಸೆರ್ಸಾಯ್ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಹುಡುಕಬೇಕು. ‘ಮೂಲಪತ್ರ ಕಳೆದಿದೆ, ಜೆರಾಕ್ಸ್ ಇದೆ’ ಎಂದರೆ ಅಲ್ಲಿಗೇ ನಿಲ್ಲಿಸಿ. ಪಿತ್ರಾರ್ಜಿತ ಮನೆಯಾದರೆ ಹೆಣ್ಣುಮಕ್ಕಳ ಸಹಿಯೂ ಬೇಕು. 2005ರ ತಿದ್ದುಪಡಿಯಿಂದ ಅವರೂ ಸಮಪಾಲುದಾರರು.

ಪತ್ರಕ್ಕೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು, ಸಾಲಗಾರ ಸಹಿ ಹಾಕಿದ್ದನ್ನು ಅವರು ಕಂಡಿರಬೇಕು. ಕಚೇರಿಯಲ್ಲಿ ಗುರುತು ಹೇಳುವವರ ಸಹಿ ಈ ಲೆಕ್ಕಕ್ಕೆ ಬರುವುದಿಲ್ಲ. ಪತ್ರ ಬರಹಗಾರರ ಅವಸರದಲ್ಲಿ ತಪ್ಪುವುದು ಇಲ್ಲೇ. ಹಣ ಆರ್‌ಟಿಜಿಎಸ್‌ನಲ್ಲೇ ಹೋಗಲಿ, ಅದರ ಯುಟಿಆರ್ (ವರ್ಗಾವಣೆಯ ಗುರುತು) ಸಂಖ್ಯೆ ಪತ್ರದಲ್ಲಿ ಇರಲಿ. 20,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸಾಲ ನಗದಾಗಿ ಪಡೆದರೆ ಆದಾಯ ತೆರಿಗೆ ಇಲಾಖೆ ಅಷ್ಟೇ ಮೊತ್ತದ ದಂಡ ಹಾಕಬಹುದು, ಅದೂ ಪಡೆದವರ ಮೇಲೆ.

ಎಷ್ಟು ಕೊಡಬೇಕು? ಮನೆಯ ಬೆಲೆಯ ಅರ್ಧ ದಾಟಬೇಡಿ ಎನ್ನುವುದು ನಮ್ಮ ಅಭಿಪ್ರಾಯ. ಶೇ 12ರ ಸರಳಬಡ್ಡಿ ಮೂರು ವರ್ಷ ನಿಂತರೆ 6 ಲಕ್ಷ 8 ಲಕ್ಷ 16 ಸಾವಿರವಾಗುತ್ತದೆ. ಮೇಲೆ ಕೋರ್ಟ್ ಶುಲ್ಕ, ವಕೀಲರ ಫೀಜು. 14 ಲಕ್ಷದ ಮನೆ ಇದನ್ನೆಲ್ಲ ತಡೆದೀತು, 8 ಲಕ್ಷದ್ದು ತಡೆಯದು. ಹೇಳಿದ ದಿನಕ್ಕೆ ಕೊಡದಿದ್ದರೆ ಮನೆ ನನ್ನದೇ ಎಂಬ ಷರತ್ತು ಬರೆಸಿ ನಿಶ್ಚಿಂತರಾಗಬೇಡಿ, ಬಿಡಿಸಿಕೊಳ್ಳುವ ಹಕ್ಕನ್ನು ಕಟ್ಟಿಹಾಕುವ ಷರತ್ತು ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಪ್ರಶ್ನೆ: ನೂರಕ್ಕೆ ಎರಡು ರೂಪಾಯಿ ಬಡ್ಡಿ ಹೆಚ್ಚಾ? ಲೈಸೆನ್ಸ್ ಬೇಕಾ?
— ಚಳ್ಳಕೆರೆ

ತಿಂಗಳಿಗೆ ಎರಡು ರೂಪಾಯಿ ಎಂದರೆ ವರ್ಷಕ್ಕೆ ಶೇ 24. ರಾಜ್ಯದಲ್ಲಿ ಪರವಾನಗಿ ಇರುವ ಲೇವಾದೇವಿಯವರಿಗೇ ಆಧಾರ ಇರುವ ಸಾಲಕ್ಕೆ ಶೇ 14, ಇಲ್ಲದ್ದಕ್ಕೆ ಶೇ 16ರ ಮಿತಿ ಇದೆ. ಪರಿಚಯಸ್ಥರಿಗೆ ಒಮ್ಮೆ ಕೊಟ್ಟದ್ದು ದಂಧೆಯಲ್ಲ. ನಾಲ್ಕಾರು ಜನರಿಗೆ ಬಡ್ಡಿಗೆ ಬಿಡುತ್ತಾ ಹೋದರೆ 1961ರ ಲೇವಾದೇವಿ ಕಾಯ್ದೆಗೆ ಸಿಕ್ಕುತ್ತೀರಿ, ಪರವಾನಗಿ ಇಲ್ಲದವರಿಗೆ ಕೋರ್ಟು ಡಿಕ್ರಿ (ವಸೂಲಿಯ ಆದೇಶ) ಕೊಡುವುದಿಲ್ಲ.

ಪ್ರಶ್ನೆ: 4 ಲಕ್ಷಕ್ಕೆ ಮನೆ ಭೋಗ್ಯಕ್ಕೆ ನೋಂದಣಿ ಮಾಡಿಸಿಕೊಂಡಿದ್ದೇನೆ. ಅವಧಿ ಮುಗಿದರೂ ಹಣ ವಾಪಸಿಲ್ಲ. ಹರಾಜು ಹಾಕಿಸಬಹುದಾ?
— ನಿಟುವಳ್ಳಿ, ದಾವಣಗೆರೆ

ಪತ್ರ ಶುದ್ಧ ಭೋಗ್ಯದ್ದಾದರೆ ಇಲ್ಲ. ಭೋಗ್ಯದಾರನಿಗೆ ಮಾರಾಟದ ದಾವೆ ಹೂಡುವ ಹಕ್ಕಿಲ್ಲ. ಹಣ ಬರುವ ತನಕ ಮನೆಯಲ್ಲಿರುವ ಅಥವಾ ಬಾಡಿಗೆ ತೆಗೆದುಕೊಳ್ಳುವ ಹಕ್ಕಷ್ಟೇ. 30 ವರ್ಷ ಕಳೆದರೆ ಮನೆ ತನ್ನದಾಗುತ್ತದೆ ಎನ್ನುವ ನಂಬಿಕೆಗೂ 2014ರಲ್ಲಿ ಸುಪ್ರೀಂ ಕೋರ್ಟ್ ತೆರೆ ಎಳೆದಿದೆ. ಆದರೆ ಪತ್ರವನ್ನು ವಕೀಲರಿಗೆ ಓದಿಸಿ: ‘ಹಣ ನಾನೇ ಖುದ್ದು ಹಿಂತಿರುಗಿಸುತ್ತೇನೆ’ ಎಂಬ ಒಪ್ಪಿಗೆ ಒಳಗಿದ್ದರೆ ಮಾತೇ ಬೇರೆ. ಸ್ವಾಧೀನ ರಹಿತ ಆಧಾರಕ್ಕಾದರೆ ಹಣ ಕೊಡಬೇಕಾದ ದಿನದಿಂದ 12 ವರ್ಷದೊಳಗೆ, ಸ್ವತ್ತು ಇರುವ ಊರಿನ ಕೋರ್ಟಿನಲ್ಲಿ ದಾವೆ ಹೂಡಬಹುದು. ಮೊದಲು ಪ್ರಾಥಮಿಕ ಡಿಕ್ರಿ ಆಗಿ, ಸಾಲಗಾರನಿಗೆ ಆರು ತಿಂಗಳವರೆಗೆ ಗಡುವು ಸಿಗುತ್ತದೆ. ಆಮೇಲೆ ಅಂತಿಮ ಡಿಕ್ರಿ, ಹರಾಜು. ಬ್ಯಾಂಕಿನಂತೆ ನೋಟಿಸ್ ಅಂಟಿಸಿ ಬೀಗ ಹಾಕಲು 2002ರ ಸರ್ಫೇಸಿ ಕಾಯ್ದೆ ವ್ಯಕ್ತಿಗಳಿಗೆ ಬರುವುದಿಲ್ಲ.

ಪ್ರಶ್ನೆ: ಹೊಲ ಆಧಾರ ಇಟ್ಟುಕೊಳ್ಳಬಹುದಾ?
— ಜಗಳೂರು

ಪಹಣಿಯ 11ನೇ ಕಾಲಂನಲ್ಲಿ ಸೊಸೈಟಿ ಅಥವಾ ಬ್ಯಾಂಕ್ ಸಾಲ ಇದೆಯೇ ನೋಡಿ. ಆಮೇಲೆ ತಾಲ್ಲೂಕು ಕಚೇರಿಯಲ್ಲಿ ಜಮೀನಿನ ಮೂಲ ಕೇಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅಡಮಾನವನ್ನೂ ಪರಭಾರೆ ಎಂದೇ ಎಣಿಸುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಬರೆಸಿದ ಆಧಾರಪತ್ರ ನೋಂದಣಿ ಆಗಿದ್ದರೂ ಅಸಿಂಧು.