ಮೆಥಡೋನ್: ಒಂದು ಅಮಲಿನ ಬದಲಿಗೆ ಇನ್ನೊಂದೇ?

ಪ್ರಶ್ನೆ: ನನ್ನ ತಮ್ಮನಿಗೆ 27 ವರ್ಷ. ಬೈತಖೋಲ ಬಂದರಿನಲ್ಲಿ ಬೋಟಿನ ಕೆಲಸ ಮಾಡುವಾಗ ಬೆನ್ನಿಗೆ ಪೆಟ್ಟು ಬಿದ್ದು, ನೋವಿನ ಗುಳಿಗೆಯಿಂದ ಶುರುವಾದದ್ದು ಹೆರಾಯಿನ್ನಿನ ಕಳಪೆ ರೂಪವಾದ ಬ್ರೌನ್ ಶುಗರ್‌ವರೆಗೆ ಬಂದಿದೆ. ಎರಡು ಸಲ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದೆವು. ಎರಡನೆಯ ಸಲ ಮನೆಗೆ ಬಂದ ಹನ್ನೊಂದನೆಯ ದಿನ, ಬಚ್ಚಲಿನಲ್ಲಿ ತುಟಿ ನೀಲಿಗಟ್ಟಿ ಬಿದ್ದಿದ್ದ, ಹೇಗೋ ಬದುಕಿಕೊಂಡ. ಆಯಿ ಶಿರಸಿಯ ಮಾರಿಕಾಂಬೆಗೆ ಹರಕೆ ಹೊತ್ತಿದ್ದಾಳೆ. ವಿದೇಶದಲ್ಲಿ ನರ್ಸ್ ಆಗಿರುವ ನೆಂಟರೊಬ್ಬರು ಮೆಥಡೋನ್ ಕೊಡಿಸಿ ಎನ್ನುತ್ತಾರೆ. ಅದೂ ಅಫೀಮಿನ ಜಾತಿಯದ್ದೇ ಅಲ್ಲವೇ? ನಿಜಕ್ಕೂ ಫಲ ಕೊಡುತ್ತದೆಯೇ, ಎಷ್ಟು ದಿನ ತೆಗೆದುಕೊಳ್ಳಬೇಕು?
– ಹೆಸರು ಬೇಡ, ಕಾರವಾರ

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆ ಹನ್ನೊಂದನೆಯ ದಿನದ ಮೇಲೆ. ಕೆಲವು ವಾರ ಮಾದಕವಸ್ತುವಿಲ್ಲದೆ ಕಳೆದ ದೇಹಕ್ಕೆ ಹಿಂದಿನ ಪ್ರಮಾಣವನ್ನು ತಾಳಿಕೊಳ್ಳುವ ಶಕ್ತಿ ಇಳಿದಿರುತ್ತದೆ, ಹಂಬಲ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ಹೊರಬಂದವನು ಹಳೆಯ ಅಳತೆಯಲ್ಲಿಯೇ ತೆಗೆದುಕೊಂಡರೆ ಉಸಿರು ನಿಲ್ಲುವ ಅಪಾಯವಿದೆ. ಹುಡುಗ ಮಾತಿಗೆ ತಪ್ಪಿದನೆಂದು ಮನೆಯವರು ನೊಂದಿರಬಹುದು. ಚಿಕಿತ್ಸೆಯನ್ನೇ ಅರ್ಧಕ್ಕೆ ನಿಲ್ಲಿಸಲಾಗಿತ್ತು ಎಂದು ನಾನು ಹೇಳುತ್ತೇನೆ.

ಮೆಥಡೋನ್ ಅಫೀಮಿನ ಗುಣವುಳ್ಳ ಔಷಧವೇ ಹೌದು, ಅದನ್ನು ಮುಚ್ಚಿಡಬೇಕಾಗಿಲ್ಲ. ವ್ಯತ್ಯಾಸವಿರುವುದು ವೇಗದಲ್ಲಿ. ಬ್ರೌನ್ ಶುಗರ್ ಥಟ್ಟನೆ ಮಿದುಳಿಗೇರಿ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಇಳಿದೊಡನೆ ಆಕಳಿಕೆ, ಕಣ್ಣು-ಮೂಗಿನಲ್ಲಿ ನೀರು, ಮೈಯೆಲ್ಲ ಮುಳ್ಳು, ಭೇದಿ, ಮತ್ತೆ ಹುಡುಕಾಟ. ಬಾಯಿಂದ ಸೇವಿಸುವ ಮೆಥಡೋನ್ ನಿಧಾನವಾಗಿ ಏರಿ ಸುಮಾರು ಒಂದು ದಿನ ನಿಲ್ಲುವುದರಿಂದ ದಿನಕ್ಕೊಂದು ಸಲ ಸಾಕು. ಸರಿಯಾದ ಪ್ರಮಾಣಕ್ಕೆ ಬಂದವನಿಗೆ ಅಮಲೂ ಏರುವುದಿಲ್ಲ, ಚಡಪಡಿಕೆಯೂ ಇರುವುದಿಲ್ಲ. ಅವನು ಜಗಲಿಯಲ್ಲಿ ಕೂತು ಹರಿದ ಬಲೆ ಸರಿಪಡಿಸಬಲ್ಲ, ಹೊತ್ತಿಗೆ ಸರಿಯಾಗಿ ಊಟ ಮಾಡಬಲ್ಲ.

ಫಲದ ಮಾತಿಗೆ ಬಂದರೆ, ನ್ಯೂಯಾರ್ಕಿನ ವೈದ್ಯರಾದ ಡೋಲ್ ಮತ್ತು ನೈಸ್ವಾಂಡರ್ 1965ರಲ್ಲಿ ಮೊದಲ ವರದಿ ಪ್ರಕಟಿಸಿದಂದಿನಿಂದ ಇದರ ಪರೀಕ್ಷೆ ನಡೆಯುತ್ತಲೇ ಇದೆ. ಹಲವು ದೇಶಗಳ ಅಧ್ಯಯನಗಳನ್ನು 2017ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಮೆಥಡೋನ್ ಪಡೆಯುತ್ತಿರುವ ಸಾವಿರ ಜನರಲ್ಲಿ ವರ್ಷಕ್ಕೆ ಸುಮಾರು 11 ಸಾವುಗಳೂ, ಚಿಕಿತ್ಸೆಯಿಂದ ಹೊರಗಿದ್ದ ಅವಧಿಯಲ್ಲಿ ಸುಮಾರು 36 ಸಾವುಗಳೂ ಕಂಡುಬಂದವು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆದರೆ ಶುರುವಿನ ಮೊದಲ ಕೆಲವು ವಾರಗಳು ಮತ್ತು ಬಿಟ್ಟ ನಂತರದ ಮೊದಲ ಕೆಲವು ವಾರಗಳು ಅಪಾಯಕಾರಿ. ಔಷಧ ದೇಹದಲ್ಲಿ ದಿನದಿಂದ ದಿನಕ್ಕೆ ಶೇಖರವಾಗುವ ಕಾರಣ ವೈದ್ಯರು 20–30 ಮಿಲಿಗ್ರಾಂನಿಂದ ಆರಂಭಿಸಿ, ಸಾಮಾನ್ಯವಾಗಿ 60ರಿಂದ 120ರವರೆಗೆ ಮೆಲ್ಲಗೆ ಏರಿಸುತ್ತಾರೆ. ಮದ್ಯ ಅಥವಾ ನಿದ್ರೆಗುಳಿಗೆ ಜೊತೆಗೂಡಿದರೆ ಪ್ರಾಣಕ್ಕೇ ಸಂಚಕಾರ. ಮಲಬದ್ಧತೆ, ಬೆವರು ಸಾಮಾನ್ಯ. ಕೆಲವರಲ್ಲಿ ಹೃದಯದ ಲಯ ತಪ್ಪುವುದರಿಂದ ಇಸಿಜಿ ಬೇಕಾಗುತ್ತದೆ.

ಎಷ್ಟು ದಿನ ಎಂದು ಕೇಳಿದ್ದೀರಿ. ವರ್ಷಗಳ ಲೆಕ್ಕದಲ್ಲಿ ಯೋಚಿಸಿ. ಹುಡುಗ ಸುಧಾರಿಸಿದನೆಂದು ಕಂಡ ತಕ್ಷಣ "ಇನ್ನೆಷ್ಟು ದಿನ ಈ ಔಷಧ?" ಎಂದು ಮನೆಯವರು ಒತ್ತಾಯಿಸುವುದೇ ಚಿಕಿತ್ಸೆ ಮುರಿಯುವ ದಾರಿ.

ಇನ್ನು ನಮ್ಮ ಕಡೆಯ ವಸ್ತುಸ್ಥಿತಿ. ಭಾರತದಲ್ಲಿ ಮೆಥಡೋನ್ ಕೆಲವೇ ಕೇಂದ್ರಗಳಲ್ಲಿ ದೊರೆಯುತ್ತದೆ. ಸಿಬ್ಬಂದಿಯ ಎದುರಿನಲ್ಲಿಯೇ ದಿನವೂ ಸೇವಿಸಬೇಕಾದ ಔಷಧಕ್ಕಾಗಿ ಕಾರವಾರದಿಂದ ದೂರದ ನಗರಕ್ಕೆ ಅಲೆಯುವುದು ಆಗುವ ಮಾತಲ್ಲ. ಇಲ್ಲಿ ಹೆಚ್ಚು ಬಳಕೆಯಲ್ಲಿರುವುದು ನಾಲಿಗೆಯಡಿ ಕರಗಿಸುವ ಬುಪ್ರೆನಾರ್ಫಿನ್. ತತ್ವ ಅದೇ, ಒಂದು ಮಿತಿಯ ನಂತರ ಅದು ಉಸಿರಾಟವನ್ನು ಇನ್ನಷ್ಟು ಕುಗ್ಗಿಸುವುದಿಲ್ಲವಾದ್ದರಿಂದ ಸ್ವಲ್ಪ ಹೆಚ್ಚು ಸುರಕ್ಷಿತ. ಚಿಕಿತ್ಸೆಯಲ್ಲಿ ಹಿಡಿದಿಡುವುದರಲ್ಲಿ ಮೆಥಡೋನ್ ತುಸು ಮುಂದು, ಆದರೆ ಕೈಗೆಟುಕುವ ಔಷಧವೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಕಾರವಾರದ ಸರ್ಕಾರಿ ವೈದ್ಯಕೀಯ ಸಂಸ್ಥೆಯ ಮನೋವೈದ್ಯರನ್ನು ಮೊದಲು ಕಾಣಿರಿ; 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನವರು ಕನ್ನಡದಲ್ಲಿಯೇ ಮಾತನಾಡುತ್ತಾರೆ. ಮತ್ತೆ ತುಟಿ ನೀಲಿಗಟ್ಟಿದ್ದು ಕಂಡರೆ ಮಗ್ಗುಲಾಗಿ ಮಲಗಿಸಿ ತಡಮಾಡದೆ 108ಕ್ಕೆ ಕರೆ ಮಾಡಿ.

ಬೆನ್ನುನೋವಿನ ವಿಷಯವನ್ನು ಮೊದಲ ಭೇಟಿಯಲ್ಲಿಯೇ ವೈದ್ಯರಿಗೆ ತಿಳಿಸಿ. ಅದು ಇನ್ನೂ ಇದ್ದರೆ, ಬೇರೆಲ್ಲೋ ತೋರಿಸಿ ಅದೇ ಗುಳಿಗೆಗೆ ಮತ್ತೆ ಚೀಟಿ ಬರೆಸಿಕೊಳ್ಳುವ ಸಂಭವವಿದೆ.