ತೆರೆದ ವರಾಂಡಕ್ಕೆ ದೀಪವಿರುವ ಫ್ಯಾನ್: ಮೊದಲು ನೋಡಬೇಕಾದದ್ದು ಇರಚಲನ್ನು

ಪ್ರಶ್ನೆ: ನಮ್ಮ ಮನೆಯ ಮುಂದಿನ ವರಾಂಡ 12 ಅಡಿ ಅಗಲ, 16 ಅಡಿ ಉದ್ದವಿದೆ. ಮೇಲೆ ಚಾವಣಿ ಇದೆಯಾದರೂ ಮೂರು ಬದಿ ತೆರೆದಿದ್ದು, ಗಾಳಿಮಳೆಯಲ್ಲಿ ಇರಚಲು ಒಳಗೂ ಬರುತ್ತದೆ. ನೆಲದಿಂದ ಚಾವಣಿಗೆ 9 ಅಡಿ ಎತ್ತರ. ಸಂಜೆ ಕುಳಿತು ಮಾತನಾಡಲು, ಓದಲು ಅನುಕೂಲವಾಗುವಂತೆ ದೀಪವಿರುವ ಸೀಲಿಂಗ್ ಫ್ಯಾನ್ ಹಾಕಿಸಬೇಕೆಂದಿದ್ದೇವೆ. ಕೋಣೆಯೊಳಗೆ ಹಾಕುವ ಫ್ಯಾನನ್ನೇ ಇಲ್ಲಿಗೂ ಬಳಸಬಹುದೇ? ಗಾತ್ರವನ್ನೂ ದೀಪವನ್ನೂ ಹೇಗೆ ಆರಿಸಬೇಕು?

ಉತ್ತರ: ಬಳಸಬಾರದು. ಕೋಣೆಯ ಫ್ಯಾನು ವರಾಂಡದಲ್ಲಿ ಮೊದಲ ಕೆಲವು ತಿಂಗಳು ಚೆನ್ನಾಗಿಯೇ ತಿರುಗುವುದರಿಂದ ಅನೇಕರು ಇದನ್ನು ನಂಬುವುದಿಲ್ಲ. ಆದರೆ ತೇವದ ಗಾಳಿ ಮೋಟಾರಿನ ಸುರುಳಿಗೂ ಬೇರಿಂಗಿಗೂ ನಿಧಾನವಾಗಿ ಇಳಿಯುತ್ತದೆ, ತಿರುಪುಗಳು ತುಕ್ಕು ಹಿಡಿಯುತ್ತವೆ, ಮರದ ಪುಡಿಯನ್ನು ಒತ್ತಿ ಮಾಡಿದ ರೆಕ್ಕೆಗಳು ನೀರು ಹೀರಿ ಉಬ್ಬಿ ತುದಿಯಲ್ಲಿ ಜೋತು ಬೀಳುತ್ತವೆ. ಜೋತ ರೆಕ್ಕೆ ತೂಕದ ಸಮತೋಲ ಕೆಡಿಸುತ್ತದೆ; ಆಗ ಫ್ಯಾನು ಓಲಾಡತೊಡಗಿ, ಅದನ್ನು ಹಿಡಿದಿರುವ ಕೊಕ್ಕೆಯ ಮೇಲೂ ತಿರುಪುಗಳ ಮೇಲೂ ಒತ್ತಡ ಬೀಳುತ್ತದೆ.

ಹೊರಗೆ ಹಾಕುವ ಫ್ಯಾನುಗಳಲ್ಲಿ ಎರಡು ದರ್ಜೆಗಳಿವೆ. ‘ಡ್ಯಾಂಪ್ ರೇಟೆಡ್’ ಎಂದು ಗುರುತಿಸಿದವು ಹವೆಯ ತೇವವನ್ನು ತಾಳುತ್ತವೆ, ಆದರೆ ಅವುಗಳ ಮೇಲೆ ನೀರು ನೇರವಾಗಿ ಬೀಳಬಾರದು. ‘ವೆಟ್ ರೇಟೆಡ್’ ಎಂದಿರುವವು ಮಳೆನೀರು ಬಿದ್ದರೂ ಕೆಡದಂತೆ ಮೋಟಾರನ್ನು ಮುಚ್ಚಿ ತಯಾರಿಸಿದವು. ಕೆಲವು ಪೆಟ್ಟಿಗೆಗಳ ಮೇಲೆ ಇದರ ಬದಲು ಐಪಿ ಸಂಖ್ಯೆ (ಧೂಳು, ನೀರು ಒಳನುಗ್ಗದಂತೆ ಇರುವ ರಕ್ಷಣೆಯ ಅಳತೆ) ಇರುತ್ತದೆ; ಅದರ ಎರಡನೆಯ ಅಂಕಿ ನೀರಿಗೆ ಸಂಬಂಧಿಸಿದ್ದು. ಐಪಿ44 ಎಂದರೆ ಯಾವ ದಿಕ್ಕಿನಿಂದ ನೀರು ಸಿಡಿದರೂ ತೊಂದರೆಯಿಲ್ಲ, ಐಪಿ65 ಎಂದರೆ ನೀರಿನ ಧಾರೆಯನ್ನೂ ತಾಳುತ್ತದೆ. ಮೇಲೆ ಚಾವಣಿಯಿರುವ ವರಾಂಡಕ್ಕೆ ‘ಡ್ಯಾಂಪ್ ರೇಟೆಡ್’ ಸಾಕೆಂದು ಅಂಗಡಿಯವರು ಸಾಮಾನ್ಯವಾಗಿ ಹೇಳುತ್ತಾರೆ. ಇರಚಲು ಒಳಕ್ಕೆ ಬರುವುದಿಲ್ಲವಾದರೆ ಆ ಮಾತು ಸರಿ. ನಿಮ್ಮಲ್ಲಿ ಬರುತ್ತದೆ ಎಂದು ನೀವೇ ಬರೆದಿದ್ದೀರಿ; ಆದ್ದರಿಂದ ‘ವೆಟ್ ರೇಟೆಡ್’ ಎಂದಿರುವುದನ್ನೇ ತೆಗೆದುಕೊಳ್ಳಿ. ಜೋರು ಮಳೆಯ ದಿನ ನೆಲ ಎಲ್ಲಿಯವರೆಗೆ ನೆನೆಯುತ್ತದೆಂದು ನೋಡಿದರೆ ಅನುಮಾನ ಉಳಿಯುವುದಿಲ್ಲ. ಇನ್ನೊಂದು ಎಚ್ಚರಿಕೆ: ಫ್ಯಾನಿನ ದರ್ಜೆ ಮತ್ತು ಅದಕ್ಕೆ ಜೋಡಿಸುವ ದೀಪದ ದರ್ಜೆ ಒಂದೇ ಆಗಿರಬೇಕು. ದೀಪವನ್ನು ಬೇರೆಯಾಗಿ ಕೊಂಡು ಕೆಳಗೆ ಸಿಕ್ಕಿಸುವವರು ಎಡವುವುದು ಇಲ್ಲಿಯೇ.

ಸಮುದ್ರದ ಹತ್ತಿರದ ಮನೆಯಾದರೆ ನೀರಿಗಿಂತ ಉಪ್ಪಿನ ಗಾಳಿಯೇ ದೊಡ್ಡ ಶತ್ರು. ಅಲ್ಲಿ ಬಣ್ಣ ಬಳಿದ ಸಾಧಾರಣ ಉಕ್ಕಿನ ಭಾಗಗಳನ್ನು ಬಿಟ್ಟು, ತುಕ್ಕು ಹಿಡಿಯದ ಉಕ್ಕಿನ ತಿರುಪುಗಳು ಮತ್ತು ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ರೆಕ್ಕೆಗಳಿರುವುದನ್ನು ಹುಡುಕುವುದು ಲೇಸು.

ಇನ್ನು ಗಾತ್ರ. ನಿಮ್ಮ ವರಾಂಡದ ವಿಸ್ತೀರ್ಣ 192 ಚದರ ಅಡಿ. ಅದಕ್ಕೆ 48ರಿಂದ 52 ಇಂಚು, ಅಂದರೆ ಸುಮಾರು 1200ರಿಂದ 1300 ಮಿಲಿಮೀಟರ್ ವ್ಯಾಸದ ಒಂದು ಫ್ಯಾನು ಹೊಂದುತ್ತದೆ. ಉದ್ದವು ಅಗಲದ ಎರಡು ಪಟ್ಟಿಗಿಂತ ಹೆಚ್ಚಾಗಿರುವ ಕಡೆ ಮಾತ್ರ ಮಧ್ಯದಲ್ಲಿ ಒಂದು ದೊಡ್ಡದಕ್ಕಿಂತ ಎರಡು ಚಿಕ್ಕವು ಉತ್ತಮ. ತೆರೆದ ಜಾಗದಲ್ಲಿ ಗಾಳಿ ಗೋಡೆಗೆ ತಾಗಿ ಹಿಂದಿರುಗುವುದಿಲ್ಲವಾದ್ದರಿಂದ ಫ್ಯಾನಿನ ನೇರ ಕೆಳಗಿನ ವೃತ್ತದಾಚೆ ತಂಪು ಬೇಗ ಕಡಿಮೆಯಾಗುತ್ತದೆ. ಹಾಗಾಗಿ ಜಾಗದ ನಟ್ಟನಡುವೆ ತೂಗುಹಾಕಬೇಕೆಂಬ ಹಟ ಬೇಡ, ಕುರ್ಚಿಗಳು ಎಲ್ಲಿರುತ್ತವೆಯೋ ಅದರ ಮೇಲೆ ಹಾಕಿಸಿ. ಫ್ಯಾನು ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ; ಮೈಯ ಬೆವರನ್ನು ಆರಿಸಿ ಮೈಯನ್ನು ತಂಪಾಗಿಸುತ್ತದೆ. ಯಾರೂ ಕೂರದ ಕಡೆ ಅದು ತಿರುಗಿ ಪ್ರಯೋಜನವಿಲ್ಲ.

ರೆಕ್ಕೆಗಳು ನೆಲದಿಂದ ಕನಿಷ್ಠ 7 ಅಡಿ ಮೇಲಿರಬೇಕು, 8 ಅಡಿಯಿದ್ದರೆ ಇನ್ನೂ ಒಳ್ಳೆಯದು. ಚಾವಣಿಗೂ ರೆಕ್ಕೆಗೂ ನಡುವೆ 10ರಿಂದ 12 ಇಂಚು ಬಿಡದಿದ್ದರೆ ಫ್ಯಾನಿಗೆ ಮೇಲಿನಿಂದ ಗಾಳಿ ಸಾಕಷ್ಟು ಸಿಗುವುದಿಲ್ಲ. ನಿಮ್ಮ 9 ಅಡಿಗೆ ಗಿಡ್ಡ ರಾಡು ಹಾಕಿಸಿದರೆ ಈ ಎರಡೂ ಲೆಕ್ಕ ಸರಿಹೊಂದುತ್ತದೆ. ದೀಪದ ಗುಂಡು ರೆಕ್ಕೆಗಿಂತ ಕೆಳಗೆ ಇಳಿಯುವುದರಿಂದ ಅದರ ಉದ್ದವನ್ನೂ ಸೇರಿಸಿ ಅಳೆಯಿರಿ. ರೆಕ್ಕೆಯ ತುದಿಗೂ ಗೋಡೆ ಅಥವಾ ಕಂಬಕ್ಕೂ ಕನಿಷ್ಠ 18 ಇಂಚು ಅಂತರವಿರಲಿ.

ದೀಪದ ವಿಚಾರದಲ್ಲಿ ನನ್ನ ಅಭಿಪ್ರಾಯ ತುಸು ಕಟುವಾದದ್ದು. ಫ್ಯಾನಿನ ದೀಪ ಮಾತಿಗೆ ಕೂರಲು ಸಾಕು, ಓದಲು ಸಾಲದು. ತಲೆಯ ಮೇಲಿನಿಂದ ಬೀಳುವ ಬೆಳಕಿನಲ್ಲಿ ಪುಟದ ಮೇಲೆ ನಿಮ್ಮದೇ ನೆರಳು ಬೀಳುವುದುಂಟು. 800 ಲ್ಯೂಮೆನ್ ಎಂದರೆ ಹಳೆಯ 60 ವ್ಯಾಟ್ ಬಲ್ಬಿನಷ್ಟು ಬೆಳಕು. ಅಷ್ಟನ್ನು ಫ್ಯಾನಿನಲ್ಲಿ ಇಟ್ಟುಕೊಂಡು, ಓದಲು ಕುರ್ಚಿಯ ಪಕ್ಕದ ಗೋಡೆಗೆ ಹೊರಾಂಗಣದ ದೀಪವೊಂದನ್ನು ಬೇರೆಯಾಗಿ ಹಾಕಿಸುವುದು ಜಾಣತನ. ಈಗಾಗಲೇ ಚಾವಣಿಯಲ್ಲಿರುವ ಯಾವುದೇ ದೀಪ ರೆಕ್ಕೆಗಳ ಮೇಲ್ಗಡೆ ಉಳಿಯದಂತೆ ನೋಡಿಕೊಳ್ಳಿ. ತಿರುಗುವ ರೆಕ್ಕೆ ಅದರ ಬೆಳಕನ್ನು ಕತ್ತರಿಸಿ ಕಣ್ಣಿಗೆ ಕಿರಿಕಿರಿ ಮಾಡುತ್ತದೆ. ಎಲ್‌ಇಡಿ ಫಲಕವನ್ನು ಒಳಗೇ ಬೆಸೆದಿರುವ ಫ್ಯಾನಿಗಿಂತ, ಬಲ್ಬ್ ಬದಲಿಸಲು ಬರುವ ಫ್ಯಾನನ್ನು ನಾನು ಆರಿಸುತ್ತೇನೆ. ಫಲಕ ಕೆಟ್ಟರೆ ಅದೇ ಮಾದರಿಯ ಬಿಡಿಭಾಗ ಹುಡುಕುವುದು ಸುಲಭವಲ್ಲ.

ಪ್ರಶ್ನೆ: ಫ್ಯಾನಿಗಾಗಿ ಬಿಟ್ಟಿರುವ ಜಾಗಕ್ಕೆ ಒಂದೇ ಸ್ವಿಚ್ಚು, ಒಂದು ಹಳೆಯ ರೆಗ್ಯುಲೇಟರ್ ಇದೆ. ದೀಪವನ್ನೂ ಫ್ಯಾನನ್ನೂ ಬೇರೆ ಬೇರೆಯಾಗಿ ಹಚ್ಚಲು ಸಾಧ್ಯವೇ?

ಉತ್ತರ: ಗೋಡೆಯ ಸ್ವಿಚ್ಚಿನಿಂದಲೇ ಬೇರೆ ಬೇರೆಯಾಗಿ ಹಚ್ಚಬೇಕಾದರೆ ಇನ್ನೊಂದು ತಂತಿ ಎಳೆಸಬೇಕು. ಅದು ಆಗದಿದ್ದರೆ ರಿಮೋಟ್ ಇರುವ ಫ್ಯಾನು ಒಂದೇ ತಂತಿಯಲ್ಲಿ ಎರಡನ್ನೂ ನಿಭಾಯಿಸುತ್ತದೆ. 1200 ಮಿಲಿಮೀಟರಿನ ಸಾಮಾನ್ಯ ಫ್ಯಾನು ಪೂರ್ತಿ ವೇಗದಲ್ಲಿ 75 ವ್ಯಾಟ್ ಆಸುಪಾಸು ಬಳಸಿದರೆ, ಬಿಎಲ್‌ಡಿಸಿ (ಬ್ರಷ್ ಇಲ್ಲದೆ, ಎಲೆಕ್ಟ್ರಾನಿಕ್ ಫಲಕದಿಂದ ನಡೆಯುವ) ಮೋಟಾರಿನ ಫ್ಯಾನಿಗೆ 30 ವ್ಯಾಟ್‌ನ ಆಸುಪಾಸು ಸಾಕು. ರಿಮೋಟ್ ಕೂಡ ಹೆಚ್ಚಾಗಿ ಅದರೊಂದಿಗೇ ಬರುತ್ತದೆ. ಆದರೆ ಈ ಫ್ಯಾನಿನೊಳಗೆ ಎಲೆಕ್ಟ್ರಾನಿಕ್ ಫಲಕವಿರುವುದರಿಂದ ಹೊರಾಂಗಣದ ದರ್ಜೆಯ ವಿಷಯದಲ್ಲಿ ರಾಜಿ ಮಾಡಿಕೊಳ್ಳಬಾರದು ಮತ್ತು ಹಳೆಯ ರೆಗ್ಯುಲೇಟರನ್ನು ತೆಗೆಸಿ ನೇರ ಸಂಪರ್ಕ ಕೊಡಿಸಬೇಕು. ದೀಪದ ಬೆಳಕು ಕುಗ್ಗಿಸುವ ಡಿಮ್ಮರಿಗೆ ಫ್ಯಾನಿನ ಮೋಟಾರನ್ನು ಎಂದೂ ಜೋಡಿಸಬೇಡಿ; ಮೋಟಾರು ಗುಂಯ್‌ಗುಡುತ್ತ ಬಿಸಿಯಾಗುತ್ತದೆ. ಅರ್ತ್ ತಂತಿ ಮತ್ತು 30 ಮಿಲಿಆಂಪಿಯರ್ ವಿದ್ಯುತ್ ಸೋರಿಕೆಗೆ ಸಂಪರ್ಕ ಕಡಿದುಕೊಳ್ಳುವ ಸುರಕ್ಷತಾ ಸ್ವಿಚ್ ಹೊರಗಿನ ಸಂಪರ್ಕಕ್ಕೆ ಇರಲೇಬೇಕು. ಬರೀ ದೀಪ ತೂಗಿಸಲು ಇಟ್ಟ ಪೆಟ್ಟಿಗೆಗೆ ಫ್ಯಾನನ್ನು ಸಿಕ್ಕಿಸದೆ, ಅದರ ತೂಕವನ್ನೂ ಕಂಪನವನ್ನೂ ತಾಳುವ ಕೊಕ್ಕೆಯನ್ನು ತೊಲೆಗೋ ಕಾಂಕ್ರೀಟಿಗೋ ಭದ್ರಪಡಿಸಬೇಕು.

ಪ್ರಶ್ನೆ: ದೀಪ ಹಚ್ಚಿದರೆ ಹುಳುಗಳು ಮುತ್ತುತ್ತವೆ. ಫ್ಯಾನಿನಿಂದ ಸೊಳ್ಳೆಯಾದರೂ ಕಡಿಮೆಯಾದೀತೇ?

ಉತ್ತರ: ಆಗುತ್ತದೆ. ಸೊಳ್ಳೆ ದುರ್ಬಲವಾಗಿ ಹಾರುವ ಜೀವಿ, ಜೋರು ಗಾಳಿಗೆ ಎದುರಾಗಿ ಬರಲಾರದು. ಜೊತೆಗೆ ಅದು ನಮ್ಮನ್ನು ಪತ್ತೆಹಚ್ಚಲು ನೆಚ್ಚಿಕೊಂಡಿರುವ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಫ್ಯಾನಿನ ಗಾಳಿ ಚದುರಿಸುತ್ತದೆ. ಕುಳಿತವರ ಕಾಲಿನವರೆಗೆ ಗಾಳಿ ಬರುತ್ತಿದ್ದರೆ ಮಾತ್ರ ಈ ಲಾಭ ಪೂರ್ತಿ ಸಿಗುತ್ತದೆ. ದೀಪಕ್ಕೆ ಬರುವ ಹುಳುಗಳನ್ನು ಸೆಳೆಯುವುದು ಮುಖ್ಯವಾಗಿ ನೀಲಿ ಮತ್ತು ಅತಿನೇರಳೆ ಬೆಳಕು. ಆದ್ದರಿಂದ 6500 ಕೆಲ್ವಿನ್‌ನ ಬಿಳಿ ದೀಪದ ಬದಲು 2700 ಕೆಲ್ವಿನ್ ಅಥವಾ ಅದಕ್ಕೂ ಕಡಿಮೆಯ ಹಳದಿ ಛಾಯೆಯ ದೀಪ ಹಾಕಿ. ಹುಳು ಪೂರ್ತಿ ನಿಲ್ಲುವುದಿಲ್ಲ, ಆದರೆ ಕಡಿಮೆಯಾಗುತ್ತದೆ. ದೀಪದ ಗಾಜು ಸಂದಿಯಿಲ್ಲದೆ ಮುಚ್ಚಿಕೊಳ್ಳುವಂಥದ್ದಾಗಿರಲಿ, ಇಲ್ಲವಾದರೆ ಮಳೆಗಾಲದ ನಂತರ ಸತ್ತ ಹುಳುಗಳನ್ನು ತೆಗೆಯಲು ಏಣಿ ಹತ್ತುವ ಕೆಲಸ ತಪ್ಪುವುದಿಲ್ಲ.